ಮೇಲಿನ ಸರೋವರದ ನಾಲ್ಕು ಸಾಲು

ಬೆಳಗಿನ ಐದೂವರೆಗೆ, ಒಂದು ಕಾಲಿಗೆ ಸಾಕ್ಸ್ ಹಾಕಿ ಇನ್ನೊಂದು ಕಾಲನ್ನು ಹಾಗೇ ಬಿಟ್ಟು, ಅವಳು ಡೈರಿಯಲ್ಲಿ ಬರೆದಳು: "ಮೇಲಿನ ಸರೋವರದ ಕತೆ ಸುಳ್ಳು. ಅದು ನನಗೊಬ್ಬಳಿಗೇ ಗೊತ್ತು. ಇವತ್ತು ಆ ಸುಳ್ಳಿನ ಜೊತೆ ಇಡೀ ದಿನ ಒಂದೇ ವ್ಯಾನಿನಲ್ಲಿ ಕೂರಬೇಕು."

ಬರೆದದ್ದನ್ನು ಎರಡು ಸಲ ಓದಿದಳು. ಮನಸ್ಸು ಹಗುರಾಗಲಿಲ್ಲ. ಡೈರಿ ಮುಚ್ಚಿಟ್ಟು ಎರಡನೆಯ ಸಾಕ್ಸ್ ಹುಡುಕತೊಡಗಿದಳು.

ಅಡುಗೆಮನೆಯಿಂದ ಅಮ್ಮ, "ಇವತ್ತಾದ್ರೂ ಸ್ವಲ್ಪ ಜೋರಾಗಿ ಮಾತಾಡೇ. ನೀನು ನೀರು ಕೇಳಿದ್ರೆ ಪಕ್ಕದಲ್ಲಿರೋ ನಂಗೇ ಕೇಳ್ಸಲ್ಲ," ಎಂದಳು. ಇವಳು "ಆಯ್ತಮ್ಮ" ಎಂದಳು. ಅದೂ ಅಮ್ಮನಿಗೆ ಕೇಳಿಸಲಿಲ್ಲ.

ಆಫೀಸಿನಲ್ಲಿ ಎಲ್ಲರೂ ಅವಳನ್ನು ಪಿಸು ಎಂದೇ ಕರೆಯುತ್ತಿದ್ದರು. ಕೆಲಸಕ್ಕೆ ಸೇರಿದ ದಿನ ಯಜಮಾನರು ಹೆಸರು ಕೇಳಿದ್ದರು, ಅವಳು ಹೇಳಿದ್ದಳು. ಅವರು ಮತ್ತೆ ಕೇಳಿದ್ದರು, ಅವಳು ಮತ್ತೆ ಹೇಳಿದ್ದಳು. ನಾಲ್ಕನೆಯ ಸಲಕ್ಕೆ ಡ್ರೈವರಣ್ಣ ಬೇಸತ್ತು, "ಪಿಸು ಅಂತ ಬರ್ಕೊಳ್ಳಿ ಸರ್, ಸಾಕು," ಎಂದಿದ್ದ. ಅಂದಿನಿಂದ ಹಾಜರಿ ಪುಸ್ತಕದಲ್ಲೂ ಅದೇ ಹೆಸರು.

ಆಫೀಸೆಂದರೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ, ಗೋಡೆಯ ಮೇಲೆ ರಾಷ್ಟ್ರೀಯ ಉದ್ಯಾನದ ನಕ್ಷೆ, ಕೆಳಗೆ ರಸ್ತೆ ಬದಿಗೆ ಒಂದು ವ್ಯಾನು. ದಿನಕ್ಕೆ ಒಂದೇ ಗುಂಪು, ಗುಂಪಿಗೆ ಆರೇ ಜನ. ಬೆಳಗ್ಗೆ ಹೊರಟು, ಬೆಟ್ಟದ ಮೇಲಿನ ಮೂರು ಸರೋವರಗಳನ್ನು ಒಂದರ ಮೇಲೊಂದರಂತೆ ತೋರಿಸಿ, ಸಂಜೆ ತಂದುಬಿಡುವುದು. "ಚಿಕ್ಕ ಗುಂಪು, ದೊಡ್ಡ ಬೆಟ್ಟ" ಎಂದು ಬಾಗಿಲ ಮೇಲೆ ಬರೆಸಿದ್ದರು. ಆ ನಾಲ್ಕು ಪದ ಪಿಸುವಿನದು. ಡಿಗ್ರಿ ಮುಗಿಸಿದವಳು, ಅಕ್ಷರ ಚೆನ್ನಾಗಿದೆ, ಬಾಯಿ ತೆರೆಯುವುದಿಲ್ಲ. ಹೀಗಾಗಿ ಬೋರ್ಡು, ಕರಪತ್ರ, ಗೈಡು ಕೈಯಲ್ಲಿ ಹಿಡಿದು ಓದುವ ವಿವರಣೆಯ ಹಾಳೆ, ಎಲ್ಲವನ್ನೂ ಅವಳೇ ಬರೆಯುತ್ತಿದ್ದಳು. ಸರೋವರಗಳನ್ನು ಮಾತ್ರ ಅವಳು ನೋಡಿರಲಿಲ್ಲ. ಆರು ಸೀಟೂ ಯಾವಾಗಲೂ ತುಂಬಿರುತ್ತಿದ್ದವು.

ಹದಿನಾರು ತಿಂಗಳ ಹಿಂದೆ ಆ ಹಾಳೆ ಅಚ್ಚಿಗೆ ಹೋಗುವ ದಿನ ಒಂದು ಎಡವಟ್ಟಾಗಿತ್ತು. ಕೆಳಗಿನ ಸರೋವರಕ್ಕೂ ನಡುವಿನದಕ್ಕೂ ಒಂದೊಂದು ಹಳೆಯ ಕತೆ ಸಿಕ್ಕಿತ್ತು. ಮೇಲಿನದಕ್ಕೆ ಏನೂ ಇರಲಿಲ್ಲ. ಪುಟದ ಕೆಳಗೆ ನಾಲ್ಕು ಸಾಲಿನಷ್ಟು ಜಾಗ ಬಿಳಿಯಾಗಿ ಉಳಿದಿತ್ತು. ಪ್ರೆಸ್ಸಿನವನು ಬಾಗಿಲಲ್ಲಿ ನಿಂತು ಬೂಟುಗಾಲು ಕುಣಿಸುತ್ತಿದ್ದ. ಪಿಸು ಕಣ್ಣು ಮುಚ್ಚಿ, ತಾನು ಎಂಥ ಜಾಗಕ್ಕೆ ಹೋಗಲು ಇಷ್ಟಪಡುತ್ತೇನೆ ಎಂದು ಯೋಚಿಸಿ, ಬರೆದುಬಿಟ್ಟಳು: "ಗುಂಪಿನ ಎಲ್ಲರೂ ಈ ದಡದಲ್ಲಿ ಹತ್ತು ನಿಮಿಷ ಒಂದೂ ಮಾತಾಡದೆ ನಿಂತರೆ ನೀಲಿ ನೀರು ಹಸಿರಾಗುತ್ತದೆ ಎಂದು ಹಿರಿಯರು ಹೇಳುತ್ತಾರೆ. ನಡುವೆ ಯಾರೇ ಬಾಯಿ ಬಿಟ್ಟರೂ ಮೊದಲಿನಿಂದ ಎಣಿಸಬೇಕು." ಯಾವ ಹಿರಿಯರು ಎಂದು ಯಾರೂ ಕೇಳಲಿಲ್ಲ.

ಕತೆ ಬೆಂಕಿಯಂತೆ ಹಬ್ಬಿತು. ಅದು ಸುಳ್ಳೆಂದು ತಿಳಿಯುವ ದಾರಿಯೂ ಇರಲಿಲ್ಲ. ಏಕೆಂದರೆ ಹದಿನಾರು ತಿಂಗಳಲ್ಲಿ ಯಾವ ಗುಂಪಿಗೂ ಹತ್ತು ನಿಮಿಷ ಬಾಯಿ ಮುಚ್ಚಿಕೊಂಡಿರಲು ಸಾಧ್ಯವಾಗಿರಲಿಲ್ಲ.

ಇಷ್ಟೇ ಆಗಿದ್ದರೆ ಅವಳು ಡೈರಿಯಲ್ಲಿ ಬರೆದು ಸುಮ್ಮನಾಗುತ್ತಿದ್ದಳು. ಆದರೆ ನಿನ್ನೆ ಸಂಜೆ ಗೈಡಣ್ಣನ ಗಂಟಲು ಕಟ್ಟಿತು. ಬಾಯಿ ತೆರೆದರೆ ಗಾಳಿ ಮಾತ್ರ ಬರುತ್ತಿತ್ತು. ಈಗ ಆಫೀಸಿನಲ್ಲಿ ಧ್ವನಿಯಿಲ್ಲದವರು ಇಬ್ಬರಾದರು, ಇಬ್ಬರಲ್ಲಿ ಪಿಸುವಿನದೇ ವಾಸಿ, ಮರುದಿನದ ಗುಂಪಿಗೆ ಅವಳೇ ಗೈಡು ಎಂದು ಯಜಮಾನರು ತೀರ್ಮಾನಿಸಿದರು. ಜೊತೆಗೆ ಇನ್ನೊಂದು ಸುದ್ದಿ ಹೇಳಿದರು. ಆರು ಜನರಲ್ಲಿ ಒಬ್ಬರು ನಿವೃತ್ತ ಮೇಷ್ಟ್ರು. ಬೆಟ್ಟದ ಸರೋವರಗಳ ಬಗ್ಗೆ ಹಿರಿಯರ ಬಾಯಲ್ಲಿ ಉಳಿದ ಕತೆಗಳನ್ನು ಹನ್ನೊಂದು ವರ್ಷದಿಂದ ಕೂಡಿಹಾಕುತ್ತಿದ್ದಾರೆ. ನಲವತ್ತೊಂದು ಸರೋವರ, ನಲವತ್ತೊಂದು ಅಧ್ಯಾಯ. ಕೊನೆಯ ಅಧ್ಯಾಯ ಮೇಲಿನ ಸರೋವರದ್ದು. ಪ್ರವಾಸದ ಮರುದಿನವೇ ಪುಸ್ತಕ ಅಚ್ಚಿಗೆ.

"ಫೋನಲ್ಲಿ ಕೇಳಿದ್ರಮ್ಮ, ಈ ಕತೆ ನಿಮಗೆ ಯಾರು ಹೇಳಿದ್ರು ಅಂತ. ನಮ್ಮಜ್ಜಿ ಹೇಳ್ತಿದ್ರು ಅಂದೆ," ಎಂದರು ಯಜಮಾನರು. ಸ್ವಲ್ಪ ತಡೆದು, ಕಣ್ಣು ತೇವ ಮಾಡಿಕೊಂಡು, "ಹೇಳ್ತಿದ್ರು ಕಣಮ್ಮ. ಈಗ ನೆನಪಾಗ್ತಿದೆ," ಎಂದರು.



*

ಏಳು ಗಂಟೆಗೆ ವ್ಯಾನು ಹೊರಟಿತು. ಮೊದಲ ಸೀಟಿನಲ್ಲಿ ಮೇಷ್ಟ್ರು. ತೆಳ್ಳಗೆ, ಉದ್ದಕ್ಕೆ, ಮಡಿಲಲ್ಲಿ ಪುಸ್ತಕದ ಕರಡು ಪುಟಗಳ ಕಟ್ಟು. ಅದನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದಿದ್ದರು. ಅವರ ಹಿಂದೆ ಒಬ್ಬ ಕಂಟ್ರಾಕ್ಟರು. ಅವರು ಪಿಸುಗುಟ್ಟಿದರೆ ಜಲ್ಲಿ ಲಾರಿ ಖಾಲಿ ಮಾಡಿದಂತಿರುತ್ತಿತ್ತು. ಆಮೇಲೆ ಅತ್ತಿಗೆ, ನಾದಿನಿ ಇಬ್ಬರು. ಮನೆಯಲ್ಲಿ ಉಳಿದುಹೋದ ಜಗಳವನ್ನು ಮುಂದುವರಿಸಲೆಂದೇ ಪ್ರವಾಸಕ್ಕೆ ಬಂದವರು. ಕೊನೆಯ ಸೀಟಿನಲ್ಲಿ ಹೊಸದಾಗಿ ಮದುವೆಯಾದ ಜೋಡಿ. ಅವರಿಗೆ ಬೆಟ್ಟ ಬೇಕಿರಲಿಲ್ಲ, ಕೊನೆಯ ಸೀಟು ಬೇಕಿತ್ತು.

ಪಿಸು ಎದ್ದು ನಿಂತು ಎಲ್ಲರಿಗೂ ಸ್ವಾಗತ ಕೋರಿದಳು. ಅವಳ ತುಟಿ ಆಡುವುದನ್ನು ಆರೂ ಜನ ಗೌರವದಿಂದ ನೋಡಿದರು. ಕೊನೆಗೆ ಕಂಟ್ರಾಕ್ಟರು, ಮೈಕು ಕೆಟ್ಟಿದೆಯೇ ಎಂದು ಕೇಳಿದರು. ಮೈಕೇ ಇಲ್ಲ ಎಂದು ಡ್ರೈವರಣ್ಣ ಹೇಳಿದ. ಕಂಟ್ರಾಕ್ಟರಿಗೆ ಅಯ್ಯೋ ಅನ್ನಿಸಿ, ಅವಳ ಕೈಯಿಂದ ಹಾಳೆ ತೆಗೆದುಕೊಂಡು ತಾವೇ ಓದಿದರು. ರಸ್ತೆ ಬದಿಯ ಹಸುಗಳು ತಿರುಗಿ ನೋಡಿದವು.

ಮೇಷ್ಟ್ರು ಅವಳನ್ನು ಪಕ್ಕಕ್ಕೆ ಕರೆದು ಕೂರಿಸಿಕೊಂಡರು. ಹನ್ನೊಂದು ವರ್ಷದ ಕತೆಯನ್ನೆಲ್ಲ ಹೇಳಿದರು. ಎಷ್ಟು ಬೆಟ್ಟ, ಎಷ್ಟು ಮಂಡಿನೋವು, ಎಷ್ಟು ಅಜ್ಜಿಯರು. ಅವರ ಭಾವ ಒಬ್ಬರು ಇತಿಹಾಸದ ಪ್ರೊಫೆಸರಂತೆ. ಊಟಕ್ಕೆ ಕರೆದಾಗಲೆಲ್ಲ, "ಏನಯ್ಯ, ನಿನ್ನ ಕಾಗಕ್ಕ ಗುಬ್ಬಕ್ಕ ಪುಸ್ತಕ ಎಲ್ಲಿಗೆ ಬಂತು?" ಎಂದು ಎಲ್ಲರೆದುರು ಕೇಳುತ್ತಾರಂತೆ. ಪುಸ್ತಕ ಬಂದ ದಿನವೇ ಕೆಂಪು ಪೆನ್ನು ಹಿಡಿದು ಕೂರುವುದಾಗಿ ಹೇಳಿದ್ದಾರಂತೆ.

"ಒಂದೇ ಒಂದು ಕತೆ ಖೋಟಾ ಅಂತ ಸಿಕ್ಕಿದ್ರೂ ಸಾಕಮ್ಮ, ಉಳಿದ ನಲವತ್ತನ್ನೂ ಅದರ ಜೊತೆ ಹೂತುಬಿಡ್ತಾನೆ," ಎಂದರು ಮೇಷ್ಟ್ರು. ಹೇಳಿ ನಕ್ಕರು. ಅವರ ಕರಡಿನ ಕಟ್ಟಿನ ಮೇಲಿದ್ದ ಬೆರಳು ಮಾತ್ರ ನಗುತ್ತಿರಲಿಲ್ಲ.

ಪಿಸುವಿಗೆ ಕುಳಿತ ಸೀಟು ಕಾದ ಬಾಣಲೆಯಂತಾಯಿತು. ಇವರಿಗೆ ಹೇಳಲೇಬೇಕು. ಇವತ್ತೇ. ಕೆಲಸ ಹೋದರೆ ಹೋಗಲಿ.

"ಸರ್, ಆ ಕತೆ..." ಎಂದಳು.

"ನಾನೇ ನೋಡಿದೀನಿ ಸರ್," ಎಂದು ಡ್ರೈವರಣ್ಣ ಸ್ಟಿಯರಿಂಗ್ ತಿರುಗಿಸುತ್ತಲೇ ನಡುವೆ ಬಾಯಿ ಹಾಕಿದ. "ನೀರು ಹಸಿರಾಗೋದು. ಎರಡು ಸಲ. ಒಂದ್ಸಲ ಬೇಸಿಗೇಲಿ, ಇನ್ನೊಂದ್ಸಲ ಆಮೇಲೆ."

ಮೇಷ್ಟ್ರು ಪೆನ್ಸಿಲ್ ತೆಗೆದು ಬರೆದುಕೊಂಡರು. ಪಿಸು ಕನ್ನಡಿಯಲ್ಲಿ ಡ್ರೈವರಣ್ಣನ ಕಣ್ಣನ್ನು ದುರುಗುಟ್ಟಿ ನೋಡಿದಳು. ಆ ಕಣ್ಣು ಹಾಲಿನಂತೆ ನಿರ್ಮಲವಾಗಿತ್ತು.

ಕೆಳಗಿನ ಸರೋವರ ಬಂದಿತು. ಪಿಸು ವ್ಯಾನಿನಿಂದ ಇಳಿದವಳು ಹಾಗೇ ನಿಂತಳು. ಹಾಳೆಯಲ್ಲಿ ಅವಳು "ಕನ್ನಡಿಯಂಥ ಸರೋವರ" ಎಂದು ಬರೆದಿದ್ದಳು. ಇದು ಕನ್ನಡಿಯಂತೆ ಇರಲೇ ಇಲ್ಲ. ಗಾಳಿಗೆ ಮೈಯೆಲ್ಲ ಮಿಣಮಿಣ ಎನ್ನುತ್ತ, ದಡದ ಕಲ್ಲಿಗೆ ಬಂದು ಬಂದು ಹೊಡೆಯುತ್ತ, ಸ್ಕೂಲು ಬಿಟ್ಟ ಮಕ್ಕಳಂತೆ ಗಲಾಟೆ ಮಾಡುತ್ತಿತ್ತು. ಅವಳಿಗೆ ಓಡಬೇಕು, ಕೂಗಬೇಕು ಅನ್ನಿಸಿತು. ಹದಿನಾರು ತಿಂಗಳು ಈ ನೀರನ್ನು ಕಾಗದದ ಮೇಲೆ ಮಾರಿದ್ದೆನಲ್ಲ ಎಂದು ನಾಚಿಕೆಯೂ ಆಯಿತು. ಆ ಹುಮ್ಮಸ್ಸಿನಲ್ಲೇ ಮೇಷ್ಟ್ರ ಕಿವಿಯ ಹತ್ತಿರ ಹೋಗಿ ಎಲ್ಲವನ್ನೂ ಹೇಳಿಬಿಟ್ಟಳು. ಗಾಳಿ ಎದುರಿನಿಂದ ಬೀಸುತ್ತಿತ್ತು. ಮೇಷ್ಟ್ರು ಪೂರ್ತಿ ಕೇಳಿದವರಂತೆ ತಲೆದೂಗಿ, ಶೌಚಾಲಯ ಎಡಗಡೆ ಇರುವಂತಿದೆ ನೋಡು ಎಂದು ಕೈ ತೋರಿಸಿದರು.

ಮಾತು ತನ್ನ ಕೆಲಸವಲ್ಲ ಎಂದು ಅವಳಿಗೆ ಮನದಟ್ಟಾಯಿತು. ನಡುವಿನ ಸರೋವರದಲ್ಲಿ ಎಲ್ಲರೂ ಬ್ರೆಡ್ಡು, ಮೊಟ್ಟೆ ತಿನ್ನುವಾಗ ಒಂದು ಚೀಟಿ ಹರಿದು, ಮುತ್ತಿನಂಥ ಅಕ್ಷರದಲ್ಲಿ ಬರೆದಳು: "ಮೇಲಿನ ಸರೋವರದ ಕತೆ ನಾನು ಕಟ್ಟಿದ್ದು. ಪುಸ್ತಕದಿಂದ ದಯವಿಟ್ಟು ತೆಗೆದುಬಿಡಿ." ಮೇಷ್ಟ್ರ ಕೈಗೆ ಕೊಟ್ಟಳು. ಮೇಷ್ಟ್ರು ಕನ್ನಡಕಕ್ಕಾಗಿ ಜೇಬು ತಡಕಿದರು. ಅಷ್ಟರಲ್ಲಿ ಬೆಟ್ಟದ ಗಾಳಿ ಬಂದು ಚೀಟಿಯನ್ನು ಎತ್ತಿಕೊಂಡು ಹೋಗಿ ನೀರಿನ ಮೇಲಿಟ್ಟಿತು.

ಉದ್ಯಾನದಲ್ಲಿ ಕಾಗದ ಎಸೆಯುವುದು ಅಪರಾಧ. ಎಲ್ಲಿಂದಲೋ ಸೀಟಿ ಕೇಳಿಸಿತು. ಖಾಕಿ ತೊಟ್ಟ ಗಾರ್ಡು ಓಡಿಬಂದು, ಗೈಡೇ ಹೀಗೆ ಮಾಡಿದರೆ ಹೇಗೆ ಎಂದು ಮುಖ ಕೆಂಪಗೆ ಮಾಡಿಕೊಂಡ. ಪಿಸು ಪ್ಯಾಂಟು ಮಡಿಸಿ, ಮಂಡಿಯುದ್ದ ನೀರಿಗಿಳಿದಳು. ನೀರು ಎಷ್ಟು ತಣ್ಣಗಿತ್ತೆಂದರೆ ಕಾಲು ತನ್ನದು ಹೌದೋ ಅಲ್ಲವೋ ಎಂದು ಬಗ್ಗಿ ನೋಡಿಕೊಳ್ಳಬೇಕಾಯಿತು. ಚೀಟಿ ಒಂದು ಗೇಣು ದೂರಕ್ಕೆ ಬರುವುದು, ಮತ್ತೆ ಜಾರುವುದು. ದಡದಿಂದ ಕಂಟ್ರಾಕ್ಟರು ಎಡಕ್ಕೆ ಬಲಕ್ಕೆ ಎಂದು ಕ್ರೇನಿಗೆ ಹೇಳಿದಂತೆ ಹೇಳುತ್ತಿದ್ದರು. ಕೊನೆಗೆ ಸಿಕ್ಕಿತು. ಶಾಯಿ ಎಲ್ಲ ಕರಗಿ, ಬಿಳಿ ಕಾಗದದ ಮುದ್ದೆ ಉಳಿದಿತ್ತು.

"ಒಂದು ಚೂರು ಕಾಗದಕ್ಕೆ ನೀರಿಗಿಳೀತಾಳಲ್ಲ," ಎಂದರು ಮೇಷ್ಟ್ರು. "ಇಂಥ ಹುಡುಗಿ ಇರೋ ಕಂಪನೀಲಿ ಸುಳ್ಳು ಕತೆ ಹೇಗಿರತ್ತೆ?"

*

ಮೇಲಿನ ಸರೋವರಕ್ಕೆ ವ್ಯಾನು ಹೋಗುವುದಿಲ್ಲ. ಡ್ರೈವರಣ್ಣ ಕೆಳಗೇ ಉಳಿದ. ಉಳಿದವರು ಒಂದು ಗಂಟೆ ಕಲ್ಲುದಾರಿ ಹತ್ತಿದರು. ಪಿಸುವಿನ ಒದ್ದೆ ಬೂಟು ಪಚಕ್ ಪಚಕ್ ಎನ್ನುತ್ತಿತ್ತು. ಆ ದಾರಿಯಲ್ಲೇ ಮೇಷ್ಟ್ರು ಹೇಳಿದ ಒಂದು ಮಾತಿಗೆ ಅವಳಿಗೆ ಹೋದ ಜೀವ ಮರಳಿ ಬಂದಂತಾಯಿತು. ಭಾವನ ಬಾಯಿ ಮುಚ್ಚಿಸಬೇಕಾದರೆ ಕೇಳಿದ್ದು ಸಾಲದಂತೆ, ಕಣ್ಣಾರೆ ನೋಡಬೇಕಂತೆ. ಹತ್ತು ನಿಮಿಷ ಮೌನವಾಗಿ ನಿಂತೂ ನೀರು ಹಸಿರಾಗದಿದ್ದರೆ, ಕೊನೆಯ ಅಧ್ಯಾಯವನ್ನು ಈ ರಾತ್ರಿಯೇ ತೆಗೆದುಹಾಕುವುದಾಗಿ ಪ್ರೆಸ್ಸಿನವನಿಗೆ ಹೇಳಿ ಬಂದಿದ್ದಾರಂತೆ.

ಅಂದರೆ ಅವಳು ಏನೂ ಹೇಳಬೇಕಾಗಿಯೇ ಇರಲಿಲ್ಲ. ಎಲ್ಲರೂ ಹತ್ತು ನಿಮಿಷ ಸುಮ್ಮನಿದ್ದರೆ ಸಾಕು. ನೀರು ನೀಲಿಯಾಗಿಯೇ ಇರುತ್ತದೆ, ಅಧ್ಯಾಯ ಹೋಗುತ್ತದೆ, ಮೇಷ್ಟ್ರು ಉಳಿಯುತ್ತಾರೆ, ಕೆಲಸವೂ ಉಳಿಯುತ್ತದೆ. ಪಿಸು ಎಲ್ಲರಿಗಿಂತ ಮುಂದೆ, ಮೇಕೆಯಂತೆ ಕಲ್ಲಿನಿಂದ ಕಲ್ಲಿಗೆ ನೆಗೆಯುತ್ತ ಹತ್ತಿದಳು.

ಒಂದೂಮುಕ್ಕಾಲಿಗೆ ತುದಿ ಮುಟ್ಟಿದರು. ಮೂರು ಕಡೆ ಬಂಡೆಯ ಗೋಡೆ, ನಡುವೆ ನೀಲಿ. ಎಷ್ಟು ನೀಲಿಯೆಂದರೆ, ನೋಡಿದ ಕೂಡಲೆ ಅತ್ತಿಗೆ ನಾದಿನಿ ಇಬ್ಬರೂ ಒಂದೇ ವಿಷಯಕ್ಕೆ ಒಪ್ಪಿದರು. ಮದುವೆಯಾಗಿ ಬಂದ ಮೇಲೆ ಇದು ಮೊದಲ ಸಲ ಎಂದು ಅತ್ತಿಗೆಯೇ ಹೇಳಿದರು. ಸೂರ್ಯ ಎತ್ತರದ ಬಂಡೆಯೊಂದರ ಹಿಂದಿದ್ದ. ಸರೋವರದ ಮೇಲೆ ತಂಪಾದ ನೆರಳು.

ಅಲ್ಲಿನ ಮುದಿ ಗಾರ್ಡು ಗೂಡಿನಂಥ ಕೋಣೆಯಿಂದ ಹೊರಬಂದ. ಎರಡೂವರೆಗೆ ಎಲ್ಲರೂ ಕೆಳಗಿಳಿಯಬೇಕು, ಅದು ನಿಯಮ ಎಂದ. ಮೇಷ್ಟ್ರು ಕತೆಯ ಬಗ್ಗೆ ಕೇಳಿದರು. ತಾನು ಕಣ್ಣಾರೆ ಕಂಡಿಲ್ಲವೆಂದೂ, ತನ್ನ ತಾತ ಕಂಡಿದ್ದನೆಂದೂ, ಚಿಕ್ಕಂದಿನಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದನೆಂದೂ ಗಾರ್ಡು ಹೇಳಿದ. ಮೇಷ್ಟ್ರ ಪೆನ್ಸಿಲ್ ಮತ್ತೆ ಹೊರಬಂತು. ಪಿಸು ಈ ಸಲ ತಲೆ ಕೆಡಿಸಿಕೊಳ್ಳಲಿಲ್ಲ. ಇನ್ನು ಹತ್ತೇ ನಿಮಿಷ.

ಎಲ್ಲರೂ ದಡದಲ್ಲಿ ಸಾಲಾಗಿ ನಿಂತರು. ಗಾರ್ಡು ಗಡಿಯಾರ ಹಿಡಿದ.

ನಾಲ್ಕನೆಯ ನಿಮಿಷದಲ್ಲಿ ಕಂಟ್ರಾಕ್ಟರು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ ಎಂದುಕೊಂಡು, "ಇನ್ನೂ ಎಷ್ಟಿದೆ?" ಎಂದರು. ಮೂರು ಬಂಡೆಗಳೂ ಸರದಿಯ ಮೇಲೆ ಅದನ್ನೇ ಕೇಳಿದವು. ಮೊದಲಿನಿಂದ ಎಣಿಕೆ.

ಎರಡನೆಯ ಸಲ ಆರು ನಿಮಿಷ ದಾಟಿತು. ಇದ್ದಕ್ಕಿದ್ದಂತೆ ನಾದಿನಿಯ ಮುಖ ಬಿಳಿಚಿಕೊಂಡಿತು.

"ಅತ್ತಿಗೆ, ಗ್ಯಾಸ್ ಆಫ್ ಮಾಡಿದ್ರಾ?"

ಅತ್ತಿಗೆ, ಕೊನೆಗೆ ಅಡುಗೆಮನೆಯಿಂದ ಹೊರಬಂದವರು ಯಾರು ಎಂದು ತಿರುಗಿ ಕೇಳಿದರು. ಆ ವಿಚಾರಣೆ ಹದಿನೈದು ನಿಮಿಷ ನಡೆಯಿತು. ಯಾರು ಕೊನೆಯವರು ಎಂಬುದು ತೀರ್ಮಾನವಾಗಲಿಲ್ಲ, ಆದರೆ ಹಳೆಯ ಮೂರು ಕೇಸುಗಳು ಹೊರಬಂದವು. ಮೂರನೆಯ ಸಲ ಏಳು ನಿಮಿಷಕ್ಕೆ ಕೆಳಗಿನಿಂದ ಡ್ರೈವರಣ್ಣನ ಹಾರ್ನು ಕೇಳಿಸಿತು. ಹಾರ್ನು ಮಾತೋ ಅಲ್ಲವೋ ಎಂದು ಚರ್ಚೆಯಾಯಿತು. ತಾತ ಹಾರ್ನಿನ ಬಗ್ಗೆ ಏನೂ ಹೇಳಿಲ್ಲ ಎಂದು ಗಾರ್ಡು ಒಪ್ಪಿಕೊಂಡ. ಚರ್ಚೆ ಮಾಡಿದ್ದಂತೂ ಮಾತೇ ಆಗಿದ್ದರಿಂದ, ಮತ್ತೆ ಮೊದಲಿನಿಂದ.

ಎರಡೂವರೆ ಯಾವಾಗಲೋ ಆಗಿಹೋಗಿತ್ತು. ನಿಯಮ ಗಾರ್ಡಿಗೇ ಮರೆತುಹೋಗಿತ್ತು. ಈಗ ಅವನ ತಾತನ ಮರ್ಯಾದೆಯ ಪ್ರಶ್ನೆ.

ಪಿಸುವಿಗೆ ಎಲ್ಲಿಲ್ಲದ ಧೈರ್ಯ ಬಂತು. ಮೌನ ಅವಳ ಕಸುಬು. ಜೀವಮಾನದಲ್ಲಿ ಮೊದಲ ಬಾರಿಗೆ ಅದನ್ನು ಬೇರೆಯವರಿಗೆ ಕಲಿಸುವ ಅವಕಾಶ ಸಿಕ್ಕಿತ್ತು. ಕಂಟ್ರಾಕ್ಟರ ಮಫ್ಲರನ್ನೇ ಅವರ ಬಾಯಿಗೆ ಎರಡು ಸುತ್ತು ಸುತ್ತಿದಳು. ಅತ್ತಿಗೆಯನ್ನು ಈ ತುದಿಗೆ, ನಾದಿನಿಯನ್ನು ಆ ತುದಿಗೆ ನಿಲ್ಲಿಸಿದಳು. ಎಲ್ಲರ ಫೋನು ಕಿತ್ತು ಟೋಪಿಯೊಳಗೆ ಹಾಕಿದಳು. ಹೊಸ ಜೋಡಿಗೆ ಮಾತ್ರ ಏನೂ ಹೇಳಬೇಕಾಗಲಿಲ್ಲ, ಅವರು ಕಣ್ಣಿನಲ್ಲೇ ಮಾತಾಡುತ್ತಿದ್ದರು.

ನಾಲ್ಕನೆಯ ಎಣಿಕೆ ಶುರುವಾಯಿತು.

ಐದು ನಿಮಿಷ. ನೀರು ನೀಲಿ. ಏಳು ನಿಮಿಷ. ಕಂಟ್ರಾಕ್ಟರ ಕಣ್ಣು ಹೊರಗೆ ಬರುವಂತಿತ್ತು, ಮಾತು ಮಾತ್ರ ಬರಲಿಲ್ಲ. ಎಂಟನೆಯ ನಿಮಿಷಕ್ಕೆ ಮದುಮಗಳಿಗೆ ಬಿಕ್ಕಳಿಕೆ ಹುಟ್ಟುವಂತಾಯಿತು. ಮದುಮಗ ಅವಳ ಮೂಗನ್ನು ಗಟ್ಟಿಯಾಗಿ ಹಿಡಿದ. ಒಂಬತ್ತು. ನೀರು ಇನ್ನೂ ನೀಲಿ, ಮಸಿಬಟ್ಟಲಿನ ನೀಲಿ. ಪಿಸು ಒಳಗೊಳಗೇ ಕುಣಿಯುತ್ತಿದ್ದಳು. ಮೇಷ್ಟ್ರ ಭುಜ ನಿಧಾನವಾಗಿ ಇಳಿಯುತ್ತಿತ್ತು. ಪಾಪ ಅನ್ನಿಸಿತು, ಆದರೂ ಒಂದು ಅಧ್ಯಾಯ ಹೋದರೆ ನಲವತ್ತು ಉಳಿಯುತ್ತವಲ್ಲ.

ಆಗ ಸೂರ್ಯ ಬಂಡೆಯ ಅಂಚು ದಾಟಿದ.

ಬಿಸಿಲು ಒಂದು ಹಲಗೆಯಂತೆ ಓರೆಯಾಗಿ ಜಾರಿ ನೀರಿನೊಳಕ್ಕೆ ಇಳಿಯಿತು. ತಳದ ಪಾಚಿಗಲ್ಲುಗಳೆಲ್ಲ ಹೊತ್ತಿಕೊಂಡವು. ಆ ದಡದಿಂದ ಈ ದಡಕ್ಕೆ, ಯಾರೋ ಚಾಪೆ ಹಾಸಿಕೊಂಡು ಬಂದಂತೆ, ಸರೋವರ ಹಸಿರಾಯಿತು. ಎಳೆ ಬಾಳೆಸುಳಿಯ ಹಸಿರು.

ಗಾರ್ಡಿನ ಗಡಿಯಾರದಲ್ಲಿ ಹತ್ತು ನಿಮಿಷ ಆಗಿತ್ತು.

ಪಿಸುವಿಗೆ ಎಲ್ಲವೂ ಒಮ್ಮೆಲೇ ಅರ್ಥವಾಯಿತು. ದಿನಾ ಈ ಹೊತ್ತಿಗೆ ನೀರು ಹಸಿರಾಗುತ್ತದೆ. ದಿನಾ ಎಲ್ಲರೂ ಎರಡೂವರೆಗೇ ಇಳಿದುಹೋಗಿರುತ್ತಾರೆ, ಗಾರ್ಡು ಕೋಣೆಯೊಳಗೆ ನಿದ್ದೆ ಹೋಗಿರುತ್ತಾನೆ. ಮೊದಲ ಸಲವೇ ಎಲ್ಲರೂ ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಮೊದಲಿನಿಂದ ಎಣಿಸಬೇಕು ಎಂಬ ಅವಳದೇ ಸಾಲು ಅವರನ್ನು ಈ ಹೊತ್ತಿನವರೆಗೆ ಹಿಡಿದು ನಿಲ್ಲಿಸಿತ್ತು.

ಬಾಯಿಗಳೆಲ್ಲ ಒಟ್ಟಿಗೆ ತೆರೆದುಕೊಂಡವು. ಅತ್ತಿಗೆ ನಾದಿನಿ ಎರಡು ತುದಿಯಿಂದ ಓಡಿಬಂದು ತಬ್ಬಿಕೊಂಡರು. ಕಂಟ್ರಾಕ್ಟರು ಮಫ್ಲರಿನೊಳಗಿಂದಲೇ ಏನೋ ಘರ್ಜಿಸಿದರು. ಗಾರ್ಡು ಟೋಪಿ ತೆಗೆದು, "ತಾತ," ಎಂದು ಆಕಾಶ ನೋಡಿದ. ಮೇಷ್ಟ್ರು ಅಳುತ್ತಿದ್ದರು. ಅಳುತ್ತಲೇ ಕರಡಿನ ಕಟ್ಟಿನಿಂದ ಒಂದು ಹಾಳೆ ಎಳೆದರು. ಭಾವನ ಮುಖದ ಮೇಲೆ ಬಿಸಾಡಲೆಂದು ಮೊದಲೇ ಬರೆದುಕೊಂಡು ತಂದಿದ್ದ ಸಾಕ್ಷಿಪತ್ರ: ಈ ಕತೆ ಹಿರಿಯರಿಂದ ಬಾಯಿಂದ ಬಾಯಿಗೆ ಬಂದದ್ದು, ಕೆಳಗೆ ಸಹಿ ಮಾಡಿದವರು ಕಣ್ಣಾರೆ ಕಂಡದ್ದು.

ಗಾರ್ಡು ಸಹಿ ಮಾಡಿದ. ಕಂಟ್ರಾಕ್ಟರು ಎರಡು ಕಡೆ ಮಾಡಿದರು. ಅತ್ತಿಗೆ, ನಾದಿನಿ, ಮದುಮಗ, ಮದುಮಗಳು, ಎಲ್ಲರೂ ಮಾಡಿದರು. ಕೊನೆಗೆ ಹಾಳೆ ಪಿಸುವಿನ ಕೈಗೆ ಬಂತು.

"ಕಂಪನಿ ಪರವಾಗಿ ನಿಂದೊಂದು ಸಹಿ ಹಾಕಮ್ಮ. ನಿಂದೇ ಮುಖ್ಯ. ಗೈಡು ಸಹಿ ಮಾಡಿದ್ರೆ ಅವನು ಉಸಿರೆತ್ತಲ್ಲ," ಎಂದರು ಮೇಷ್ಟ್ರು. ಪೆನ್ನನ್ನು ಅವರೇ ಬಿಚ್ಚಿ ಕೊಟ್ಟರು.

ಅವಳು ಪೆನ್ನು ಹಿಡಿದಳು. ಅವರ ಮುಖ ನೋಡಿದಳು. ಹನ್ನೊಂದು ವರ್ಷದ ಮಂಡಿನೋವೆಲ್ಲ ಮರೆತುಹೋದ ಮುಖ. ನಾಳೆ ಈ ಪುಸ್ತಕ ಅಚ್ಚಾಗುತ್ತದೆ. ನಾಡಿದ್ದು ಅವರ ಭಾವ ಇದೇ ಬೆಟ್ಟ ಹತ್ತಿ, ಮೂರು ಗಂಟೆಯವರೆಗೆ ಒಂದೇ ಸಮ ಮಾತಾಡುತ್ತ ಕುಳಿತು, ನೀರು ಹಸಿರಾಗುವುದನ್ನು ನೋಡಿ, ಕೆಂಪು ಪೆನ್ನು ತೆಗೆಯುತ್ತಾರೆ. ಆಗ ಈ ಮುಖ ಹೇಗಿರುತ್ತದೆ?

ಎದೆಯ ಬುಡದಿಂದ ಏನೋ ಎದ್ದು ಬಂತು. ಅವಳು ಇಪ್ಪತ್ತಮೂರು ವರ್ಷದಿಂದ ಉಳಿಸಿಟ್ಟುಕೊಂಡಿದ್ದ ಧ್ವನಿಯೆಲ್ಲ ಒಟ್ಟಿಗೇ ಬಂದಂತಿತ್ತು.

"ಈ ಕತೆ ಸುಳ್ಳು ಸರ್. ಯಾವ ಹಿರಿಯರೂ ಹೇಳಿಲ್ಲ. ಹಾಳೆಯಲ್ಲಿ ನಾಲ್ಕು ಸಾಲು ಖಾಲಿ ಉಳಿದಿತ್ತು, ನಾನು ಕೂತು ಬರೆದೆ. ನೀರು ಹಸಿರಾಗಿದ್ದು ಬಿಸಿಲಿಗೆ."

ಮೂರು ಬಂಡೆಗಳೂ ಒಂದಾದ ಮೇಲೊಂದು ಅದನ್ನು ಹೇಳಿದವು. ಬಿಸಿಲಿಗೆ, ಬಿಸಿಲಿಗೆ, ಬಿಸಿಲಿಗೆ.

ಯಾರೂ ಮಾತಾಡಲಿಲ್ಲ. ಅವತ್ತಿನ ಅತ್ಯಂತ ಪರಿಶುದ್ಧವಾದ ಮೌನ ಅದು. ಪಿಸುವಿನ ತಲೆಯ ಮೇಲಿನ ಹೊರೆ ಇಳಿದು ಕುತ್ತಿಗೆ ನೆಟ್ಟಗಾಗಿತ್ತು.

ಮೇಷ್ಟ್ರು ಮೆತ್ತಗೆ, ತರಗತಿಯಲ್ಲಿ ಉತ್ತರ ತಪ್ಪಿದ ಒಳ್ಳೆಯ ಹುಡುಗಿಗೆ ಹೇಳುವಂತೆ, "ನೀನು ಸುಳ್ಳು ಬರೆದಿದ್ರೆ ನೀರಿಗೆ ಹೇಗಮ್ಮ ಗೊತ್ತಾಗತ್ತೆ?" ಎಂದರು.

ಬಿಸಿಲಂತೂ ದಿನಾ ಬರುತ್ತದೆ, ತಾನು ಇಪ್ಪತ್ತು ವರ್ಷದಿಂದ ಇಲ್ಲೇ ಇದ್ದೇನೆ, ಒಂದು ದಿನವೂ ಹಸಿರು ಕಂಡಿಲ್ಲ ಎಂದು ಗಾರ್ಡು ಹೇಳಿದ. ಕಂಟ್ರಾಕ್ಟರು, ಮೂರು ಗಂಟೆಯವರೆಗೆ ಪಿಟ್ಟೆನ್ನದ ಹುಡುಗಿ ಈಗ ಹೀಗೆ ಅರಚುತ್ತಿದೆಯೆಂದರೆ ಏನೋ ಹೆಚ್ಚುಕಡಿಮೆಯಾಗಿದೆ ಎಂದರು. ಅತ್ತಿಗೆ ಅವಳ ಹಣೆ ಮುಟ್ಟಿ ನೋಡಿದರು. ನಾದಿನಿ, ಬೆಳಗ್ಗೆ ಆ ತಣ್ಣೀರಿಗೆ ಇಳಿದಾಗಲೇ ತನಗೆ ಅನುಮಾನ ಬಂದಿತ್ತೆಂದರು. ತನಗೆ ಮೊದಲು ಬಂದಿತ್ತೆಂದರು ಅತ್ತಿಗೆ.

ಮೇಷ್ಟ್ರಿಗೆ ಏನೋ ಹೊಳೆಯಿತು. ಕಂಟ್ರಾಕ್ಟರ ಜೇಬಿನಲ್ಲಿದ್ದ ವಿವರಣೆಯ ಹಾಳೆಯನ್ನು ಇಸಿದುಕೊಂಡು, ಕನ್ನಡಕ ಏರಿಸಿ, ಹಿಂದಿನ ಪುಟದ ಸೂಚನೆಗಳ ಮೇಲೆ ಬೆರಳಿಟ್ಟು ಎಲ್ಲರಿಗೂ ಕೇಳುವಂತೆ ಓದಿದರು: "ಮೇಲಿನ ಸರೋವರದ ಎತ್ತರದಲ್ಲಿ ಗಾಳಿ ತೆಳುವಾಗಿರುತ್ತದೆ. ಮೊದಲ ಸಲ ಬಂದವರಲ್ಲಿ ಕೆಲವರಿಗೆ ತಲೆ ಸುತ್ತಿ, ಸಂಬಂಧವಿಲ್ಲದ ಮಾತುಗಳು ಬರುವುದುಂಟು. ಅಂಥವರೊಡನೆ ವಾದಿಸಬಾರದು. ಕೂರಿಸಿ, ಸಿಹಿ ಕೊಟ್ಟು, ಬೇಗ ಕೆಳಗಿಳಿಸಬೇಕು."

ಎಲ್ಲರೂ ಓಹೋ ಎಂದರು. ಯಾರೂ ವಾದಿಸಲಿಲ್ಲ. ನಾಲ್ಕು ಕೈಗಳು ಅವಳನ್ನು ಕಲ್ಲಿನ ಮೇಲೆ ಕೂರಿಸಿದವು. ನಾದಿನಿ ಪರ್ಸಿನಿಂದ ನಿಂಬೆ ಪೆಪ್ಪರಮಿಂಟು ತೆಗೆದು ಬಾಯಿಗಿಟ್ಟರು. ಒಂದು ಸಾಲದೆಂದು ಅತ್ತಿಗೆ ಇನ್ನೊಂದಿಟ್ಟರು. ಮದುಮಗಳು ತನ್ನ ಶಾಲು ಹೊದಿಸಿದಳು. ಮೇಷ್ಟ್ರು ಸಾಕ್ಷಿಪತ್ರವನ್ನು ಮಂಡಿಯ ಮೇಲಿಟ್ಟುಕೊಂಡು, ಅವಳ ಸಹಿಯ ಜಾಗದಲ್ಲಿ, "ಗೈಡ್ ಅವರು ಅಸ್ವಸ್ಥರಾದ ಕಾರಣ, ಅವರ ಪರವಾಗಿ" ಎಂದು ಬರೆದು ತಾವೇ ಸಹಿ ಹಾಕಿ, ನೀಟಾಗಿ ಮಡಿಸಿಟ್ಟರು. ಕಂಟ್ರಾಕ್ಟರು ಬಂದು ಅವಳ ಮುಂದೆ ಕುಕ್ಕರಗಾಲಲ್ಲಿ ಕುಳಿತು ಬೆನ್ನು ಕೊಟ್ಟರು. ಸಿಮೆಂಟು ಮೂಟೆಗಿಂತ ಹಗುರ, ಹೆದರಬೇಡ ಎಂದರು.

ಎರಡು ಕೆನ್ನೆಯಲ್ಲೂ ಪೆಪ್ಪರಮಿಂಟು ತುಂಬಿಕೊಂಡು, ಕಂಟ್ರಾಕ್ಟರ ಬೆನ್ನ ಮೇಲೆ ಕುಳಿತು, ಹಸಿರು ಸರೋವರ ಬಂಡೆಯ ಮರೆಗೆ ಸರಿಯುವುದನ್ನು ನೋಡುತ್ತ ಪಿಸು ಬೆಟ್ಟ ಇಳಿಯತೊಡಗಿದಳು. ಹಿಂದೆ ಮೇಷ್ಟ್ರು ಹಾಳೆಯನ್ನು ಇನ್ನೂ ಕೈಯಲ್ಲೇ ಹಿಡಿದು, ಎಷ್ಟು ಸರಿಯಾಗಿ ಬರೆದಿದ್ದಾರೆ ನೋಡಿ, ಅನುಭವ ಇದ್ದವರೇ ಬರೆದಿರಬೇಕು ಎಂದು ಎಲ್ಲರಿಗೂ ಹೇಳುತ್ತಿದ್ದರು.

ಅವಳು ಪೆಪ್ಪರಮಿಂಟನ್ನು ಅಂಗೈಗೆ ಉಗುಳಿಕೊಂಡಳು. ಕತ್ತು ತಿರುಗಿಸಿ, ಕೆಳಗಿನ ವ್ಯಾನಿನವರೆಗೂ ಕೇಳಿಸುವಂತೆ ಹೇಳಿದಳು:

"ಆ ಸಾಲೂ ನಾನೇ ಬರೆದದ್ದು."